ಒಂದು ಚಹಾದ ದೂರ

ಬಂದವರೆಲ್ಲ ಹೊರಟುಹೋದ ಮೇಲೆ ಮನೆಯಲ್ಲಿ ಉಳಿದದ್ದು ನಾನು, ಅತ್ತೆ ಮತ್ತು ಮೂರು ಚೀಲ ಕಾಗದದ ಕಪ್‌ಗಳು.

ನಾಲ್ಕು ದಿನ ಬಂದವರಿಗೆಲ್ಲ ಅವುಗಳಲ್ಲೇ ಚಹಾ ಕೊಟ್ಟಿದ್ದರು. ಯಾರು ತಂದರು, ಯಾರು ಹಂಚಿದರು ನನಗೆ ಗೊತ್ತಿಲ್ಲ. ಐದನೆಯ ದಿನ ಬೆಳಿಗ್ಗೆ ಏಳಕ್ಕೆ ಕಸದ ಗಾಡಿಯ ಗಂಟೆ ಕೇಳಿಸಿತು. ಇವತ್ತು ಮಾಮೂಲಿ ದಿನ ಎಂದು ಆಗ ಹೊಳೆಯಿತು. ಎದ್ದು ಚೀಲಗಳನ್ನು ಬಾಗಿಲಾಚೆ ತಂದಿಟ್ಟೆ.

ಗಾಡಿಯವನು ಒಂದು ಚೀಲದ ಬಾಯಿ ಬಿಚ್ಚಿ ನೋಡಿ ಮತ್ತೆ ಕಟ್ಟಿದ.

"ಇದನ್ನ ಯಾವುದಕ್ಕೆ ಹಾಕ್ಲಮ್ಮ? ಹಸಿ ಕಸಕ್ಕೂ ಸೇರಲ್ಲ, ಕಾಗದಕ್ಕೂ ಸೇರಲ್ಲ. ಒಳಗಡೆ ಪ್ಲಾಸ್ಟಿಕ್ ಪೊರೆ ಇರತ್ತೆ." ಸ್ವಲ್ಪ ತಡೆದು, "ಸಾಹೇಬ್ರೇ ಹೇಳಿಕೊಟ್ಟಿದ್ದು," ಎಂದ.

"ಹಾಗಾದ್ರೆ ಏನ್ಮಾಡೋದು?"

"ಇರಲಿ, ಇವತ್ತೊಂದಿನ ತಗೊಂಡು ಹೋಗ್ತೀನಿ."

ಅತ್ತೆ ಹೊಸಿಲಲ್ಲಿ ನಿಂತು ನೋಡುತ್ತಿದ್ದರು. "ಅವನಿಗೆ ಗೊತ್ತಾಗಿದ್ರೆ ಎದ್ದು ಬಂದು ಅಷ್ಟೂ ಜನರ ಕೈಗೆ ಲೋಟ ಕೊಟ್ಟು, ತೊಳೆದಿಟ್ಟು ಹೋಗಿ ಅಂತಿದ್ದ. ಸದ್ಯ, ಮಲಗೇ ಇದ್ದ," ಎಂದು ಒಳಗೆ ಹೋದರು. ಅತ್ತೆ ಅಳುವುದು ಹೀಗೆ.

ಇವರು, ನನ್ನ ಗಂಡ, ನಗರದ ಚರಂಡಿ ವಿಭಾಗದಲ್ಲಿ ಮೇಲ್ವಿಚಾರಕರಾಗಿದ್ದರು. ವಯಸ್ಸು ಮೂವತ್ತಾರು. ಕಚೇರಿಯ ಮೆಟ್ಟಿಲ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಹೃದಯದ ಸ್ನಾಯು ಸೋತಿತ್ತು ಎಂದರು ಡಾಕ್ಟರು. "ಒಂದೇ ದಿನದಲ್ಲಿ ಆಗಿದ್ದಲ್ಲ. ಕೆಲವು ವಾರಗಳಿಂದ ಇದ್ದಿರಬೇಕು. ಸುಸ್ತು, ಏದುಸಿರು, ಏನಾದ್ರೂ ಹೇಳ್ತಿದ್ರಾ?" ಇಲ್ಲ ಎಂದೆ. ಅದೇ ಪ್ರಶ್ನೆಯನ್ನು ಅವರು ಬೇರೆ ಮಾತಿನಲ್ಲಿ ಇನ್ನೊಮ್ಮೆ ಕೇಳಿದರು. ಆಗಲೂ ಇಲ್ಲ ಎಂದೆ.

ಒಂಬತ್ತು ಗಂಟೆಗೆ ಚಹಾದಕ್ಕ ಬಂದರು. ಅವರನ್ನು ಎಲ್ಲರೂ ಕರೆಯುವುದು ಹಾಗೆ. ಬಸ್ ನಿಲ್ದಾಣದಿಂದ ಬಟ್ಟೆ ಕಾರ್ಖಾನೆಗೆ ಹೋಗುವ ರಸ್ತೆಯ ಬಾಯಲ್ಲಿ ಅವರ ತಳ್ಳುಗಾಡಿ. ಒಳಗೆ ಬನ್ನಿ ಎಂದರೂ ಬರದೆ ಮೆಟ್ಟಿಲ ಮೇಲೆಯೇ ಕುಳಿತರು. ಅಂದು ಇವರನ್ನು ಹೊತ್ತು ತಂದ ನಾಲ್ಕು ಜನರ ಹಿಂದೆಯೇ ಬಂದು, ಬೇಲಿಯ ಹತ್ತಿರ ಸಂಜೆಯವರೆಗೆ ನಿಂತಿದ್ದದ್ದು ನನಗೆ ನೆನಪಿತ್ತು.

"ತಂಗಿ, ಇಂಥ ಹೊತ್ತಲ್ಲಿ ಬಂದು ಲೋಟದ ವಿಷಯ ಮಾತಾಡ್ತಿದೀನಿ. ನಾಚಿಕೆ ಆಗತ್ತೆ. ಆದ್ರೆ ಚರಂಡಿ ಸಾಹೇಬ್ರನ್ನ ಬಿಟ್ರೆ ನಾನು ಇನ್ಯಾರನ್ನ ಕೇಳ್ಲಿ?"

"ನಾಚಿಕೆ ಆಮೇಲೆ ಪಡೋಣ," ಎಂದರು ಅತ್ತೆ. "ಮೊದಲು ಚಹಾ ಕುಡಿ. ನಿನ್ನ ಚಹಾದಷ್ಟು ಚೆನ್ನಾಗಿರಲ್ಲ, ಮುಖ ಸಿಂಡರಿಸಬೇಡ."

ಲೋಟದ ವಿಷಯ ಇಷ್ಟು. ಕಾರ್ಖಾನೆಯ ಹೆಂಗಸರು ಏಳೂವರೆಯ ನಂತರ ಬಸ್ಸಿಳಿಯುತ್ತಾರೆ. ಎಂಟಕ್ಕೆ ಸೈರನ್. ನಿಂತು ಚಹಾ ಕುಡಿಯುವಷ್ಟು ಪುರುಸೊತ್ತಿಲ್ಲ. ಕಾಗದದ ಕಪ್ಪಿನಲ್ಲಿ ತೆಗೆದುಕೊಂಡು ನಡೆಯುತ್ತ ಕುಡಿಯುತ್ತಾರೆ. ಮುಗಿದ ಕಪ್ ಪಕ್ಕದ ಚರಂಡಿಗೆ. ದಿನಕ್ಕೆ ನೂರೈವತ್ತು, ಇನ್ನೂರು. ಎರಡು ಸಲ ಚರಂಡಿ ಕಟ್ಟಿ ನೀರು ರಸ್ತೆಗೆ ಬಂದ ಮೇಲೆ ಕಚೇರಿ ನೋಟಿಸು ಬರೆಯಿತು: ಮೂರು ತಿಂಗಳಲ್ಲಿ ಕಪ್ ಬೀಳುವುದು ನಿಲ್ಲದಿದ್ದರೆ ಗಾಡಿಯನ್ನು ಎತ್ತಿಸಲಾಗುವುದು. ಅದನ್ನು ಕೊಡಲು ಹೋದವರು ಇವರೇ. ಕೊಟ್ಟು, ಅಲ್ಲೇ ಒಂದು ಚಹಾ ಕುಡಿದು ಬಂದರು. ಬಂದವರೇ ನನಗೆ ಹೇಳಿದರು, "ಜನ ಕೊಬ್ಬಿಗೆ ಬಿಸಾಡಲ್ಲ ಕಣೇ. ಚಹಾ ಮುಗಿದ ಜಾಗದಲ್ಲಿ ಬಿಸಾಡ್ತಾರೆ. ಆ ಜಾಗ ಎಲ್ಲಿ ಅಂತ ಕಂಡುಹಿಡಿದು ಅಲ್ಲೊಂದು ಬುಟ್ಟಿ ಇಟ್ರೆ ಮುಗೀತು."

ಕಚೇರಿಯ ಮುಚ್ಚಿಹೋದ ಕ್ಯಾಂಟೀನಿನಲ್ಲಿ ಹಿಡಿ ಇರುವ ಇನ್ನೂರು ಸ್ಟೀಲ್ ಲೋಟಗಳಿದ್ದವು. ಅರ್ಜಿ ಬರೆದು ಅವನ್ನು ಚಹಾದಕ್ಕನಿಗೆ ಕೊಡಿಸಿದರು. ಲೋಟ ಹೆಂಗಸರ ಜೊತೆ ನಡೆದು ಹೋಗಬೇಕು, ಚಹಾ ಮುಗಿದಲ್ಲಿ ಬುಟ್ಟಿಗೆ ಬೀಳಬೇಕು, ಸೈರನ್ ಆದ ಮೇಲೆ ಚಹಾದಕ್ಕ ಬುಟ್ಟಿ ತಂದು ತೊಳೆಯಬೇಕು. ಅದಕ್ಕೆ ಅವರಿಟ್ಟ ಹೆಸರು 'ಹೋಗಿಬರೋ ಲೋಟ'.

"ಹೋಗೋದು ಚೆನ್ನಾಗೇ ಹೋಗ್ತಿವೆ," ಎಂದರು ಚಹಾದಕ್ಕ. "ಬರೋದು ಮರೆತಿವೆ. ಇನ್ನೂರರಲ್ಲಿ ಈಗ ಅರವತ್ತೊಂದು ಉಳಿದಿವೆ. ಬೇರೆ ದಾರಿ ಇಲ್ಲದೆ ಮತ್ತೆ ಕಾಗದದ ಕಪ್ಪೇ ಕೊಡ್ತಿದೀನಿ. ಚರಂಡಿ ಮತ್ತೆ ಹಾಗೇ ಆಗಿದೆ. ಬರೋ ಸೋಮವಾರ ಇನ್ಸ್‌ಪೆಕ್ಟರ್ ಬರ್ತಾರಂತೆ. ಹತ್ತೊಂಬತ್ತು ವರ್ಷದಿಂದ ಅದೇ ಜಾಗ ತಂಗಿ. ಅಲ್ಲಿಂದ ಎತ್ತಿದ್ರೆ ನಾನೆಲ್ಲಿಗೆ ಹೋಗ್ಲಿ?"

"ಜನ ಕದೀತಿದಾರಾ?" ಎಂದರು ಅತ್ತೆ.

"ಅದೇ ಗೊತ್ತಾಗ್ತಿಲ್ಲ ಅಮ್ಮ. ಕದಿಯೋ ಮುಖಗಳಲ್ಲ. ದಿನಾ ನನ್ನನ್ನ ನೋಡಿ ನಗ್ತಾ ಹೋಗ್ತಾರೆ."

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಇನ್ನೂ ಒಂದು ವಾರ ರಜೆ ಇತ್ತು. ನಾಳೆ ಬೆಳಿಗ್ಗೆ ಬಂದು ನೋಡುತ್ತೇನೆ ಎಂದೆ. ಕಳಕಳಿಯಿಂದಲ್ಲ. ಆ ವಾರ ಯಾರು ಏನು ಹೇಳಿದರೂ ನಾನು ಹೂಂ ಎನ್ನುತ್ತಿದ್ದೆ.

ಚಹಾದಕ್ಕ ಹೋದ ಮೇಲೆ ಅತ್ತೆ ಬಾಗಿಲ ಹಿಂದಿನಿಂದ ಅಳತೆಗಾಲಿ ಎತ್ತಿ ತಂದರು. ಉದ್ದನೆಯ ಕೋಲು, ತುದಿಯಲ್ಲಿ ಸೈಕಲ್ಲಿನ ಚಕ್ರದ ಮರಿಯಂಥ ಗಾಲಿ, ಹಿಡಿಕೆಯ ಕೆಳಗೆ ಅಂಕಿ ತೋರಿಸುವ ಪುಟ್ಟ ಕಿಟಕಿ. ತಳ್ಳುತ್ತ ನಡೆದರೆ ಎಷ್ಟು ಮೀಟರ್ ನಡೆದೆವು ಎಂದು ತೋರಿಸುತ್ತದೆ.

"ಇದು ಯಾರದ್ದು?" ಎಂದರು.

"ಸರ್ವೆ ವಿಭಾಗದವರದು. ಕೈಗಡ ತಂದಿದ್ರು. ಒಂದು ವಾರಕ್ಕೆ ಅಂತ."

"ಎರಡು ತಿಂಗಳಾಯ್ತು ಇಲ್ಲಿ ಬಿದ್ದು. ಯಾವ ವಾರ ಅದು?" ಅತ್ತೆ ಗಾಲಿಯನ್ನು ಗೋಡೆಗೆ ಒರಗಿಸಿದರು. "ಕೆಲಸ ಮುಗಿದ ಮೇಲೆ ಕೊಟ್ಟುಬಿಡು. ಸತ್ತವರ ಮೇಲೆ ಕೈಗಡದ ಮಾತು ಬರಬಾರದು."

ಕಿಟಕಿಯಲ್ಲಿ 212 ಇತ್ತು.

ಮಾರನೆಯ ದಿನ ಏಳು ಇಪ್ಪತ್ತಕ್ಕೆ ಅಳತೆಗಾಲಿಯನ್ನು ಎತ್ತಿಕೊಂಡು ಹೋಗಿ ಗಾಡಿಯ ಪಕ್ಕ ನಿಂತೆ. ಒಂದರ ಹಿಂದೊಂದು ಮೂರು ಬಸ್ ಬಂದವು. ಚಹಾದಕ್ಕ ತಲೆಯೆತ್ತದೆ ಸುರಿಯುತ್ತಿದ್ದರು. ಮೊದಲು ಬಂದವರಿಗೆ ಸ್ಟೀಲ್ ಲೋಟ, ಅವು ಮುಗಿದ ಮೇಲೆ ಕಾಗದದ ಕಪ್. ನಾನು ಜನರ ಹಿಂದೆ ನಡೆದೆ. ದೀಪದ ಕಂಬಕ್ಕೆ ಕಟ್ಟಿದ ನೀಲಿ ಬುಟ್ಟಿ ಬಂತು. ಕಂಬದ ಮೇಲೆ ಇವರ ಕೈಬರಹ: 'ಲೋಟ ಇಲ್ಲಿ.' ಹೆಂಗಸರು ಬುಟ್ಟಿಯನ್ನು ನೋಡಿದರು, ದಾಟಿಹೋದರು. ಯಾರ ಲೋಟವೂ ಖಾಲಿಯಾಗಿರಲಿಲ್ಲ.

ಅಷ್ಟೇ. ಕದಿಯುವುದೂ ಇಲ್ಲ, ಕೊಬ್ಬೂ ಇಲ್ಲ. ಬುಟ್ಟಿ ಬಂದಾಗ ಚಹಾ ಮುಗಿದಿರಲಿಲ್ಲ.

ಚೀಲದಲ್ಲಿ ಕಾಲೇಜಿನ ಸೀಮೆಸುಣ್ಣ ಇತ್ತು. ಯಾರಾದರೂ ತಲೆ ಹಿಂದಕ್ಕೆ ಬಾಗಿಸಿ ಕೊನೆಯ ಗುಟುಕು ಕುಡಿದ ಕಡೆ ಚರಂಡಿಯ ಅಂಚಿನ ಕಲ್ಲಿನ ಮೇಲೆ ಒಂದು ಗೆರೆ ಎಳೆಯುತ್ತ ಹೋದೆ. ಮೂವತ್ತಕ್ಕೂ ಹೆಚ್ಚು ಗೆರೆಗಳಾಗುವಷ್ಟರಲ್ಲಿ ಇಬ್ಬರು ನಿಂತರು.

"ಅಕ್ಕಾ, ಏನು ಗೆರೆ? ರಸ್ತೆ ಅಗಲ ಮಾಡ್ತಾರಾ?"

"ಇಲ್ಲ. ಚಹಾ ಎಲ್ಲಿ ಮುಗಿಯತ್ತೆ ಅಂತ ನೋಡ್ತಿದೀನಿ."

"ಕೇಳ್ರೇ! ನಾವು ಚಹಾ ಕುಡಿಯೋದಕ್ಕೂ ಗೆರೆ ಹಾಕ್ತಿದಾರೆ!"

"ಅಲ್ಲಿ ಬುಟ್ಟಿ ಇದೆಯಲ್ಲ, ನೋಡಿಲ್ವಾ?" ಎಂದೆ.

"ನೋಡದೆ ಏನು, ದಿನಾ ನೋಡ್ತೀವಿ. ಅದರ ಹತ್ರ ಬಂದಾಗ ಇನ್ನೂ ಅರ್ಧ ಇರತ್ತೆ. ಚೆಲ್ಲಿ ಲೋಟ ಹಾಕ್ಲಾ? ಸುಡೋದನ್ನ ಗಟಗಟ ಕುಡಿಯಕ್ಕೆ ನಾನೇನು ಪೈಪಾ?"

"ಒಂದು ನಿಮಿಷ ನಿಂತು ಕುಡಿದ್ರೆ?"

"ನಾವು ನಿಲ್ತೀವಿ, ಸೈರನ್ ನಿಲ್ಲತ್ತಾ?"

"ಮುಗಿದ ಮೇಲೆ ಲೋಟ ಏನ್ಮಾಡ್ತೀರಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಎತ್ತರದವಳು ಹೇಳಿದಳು, "ಸ್ಟೀಲ್ ಲೋಟನ ಚರಂಡಿಗೆ ಹೇಗೆ ಹಾಕೋದು ಅಕ್ಕ, ಕೈ ಬರಲ್ಲ. ಒಳಗೆ ತಗೊಂಡು ಹೋಗ್ತೀವಿ. ಸಂಜೆ ಕೊಡೋಣ ಅಂದ್ಕೋತೀವಿ, ಸಂಜೆ ಬಸ್ಸಿಗೆ ಓಡೋದೇ ಆಗತ್ತೆ. ನನ್ನ ಮೆಷಿನ್ ಪಕ್ಕ ಮೂರಿವೆ. ಒಂದರಲ್ಲಿ ಗುಂಡಿ, ಒಂದರಲ್ಲಿ ಸೂಜಿ. ಇವಳ ಹತ್ರ ಐದಿವೆ. ಒಂದರಲ್ಲಿ ಹಲ್ಲುಸೆಟ್ಟು ಇಟ್ಟಿರಬೇಕು."

"ನಿಂದೇ ಹಲ್ಲುಸೆಟ್ಟು! ಅಕ್ಕಾ, ಇವಳ ಮಾತು ನಂಬಬೇಡಿ."

ಸೈರನ್ನಿಗೆ ಎರಡು ನಿಮಿಷ ಇತ್ತು. ಓಡಿದರು.

ನಲವತ್ತು ಗೆರೆಗಳಾಗಿದ್ದವು. ರಸ್ತೆ ಖಾಲಿಯಾದ ಮೇಲೆ ಅಳತೆಗಾಲಿಯನ್ನು ಚಹಾದಕ್ಕನ ಗಾಡಿಯ ಚಕ್ರಕ್ಕೆ ತಾಗಿಸಿ ನಿಲ್ಲಿಸಿದೆ. ಹಿಡಿಕೆಯ ಪಕ್ಕದಲ್ಲಿ ಸೊನ್ನೆ ಮಾಡುವ ಗುಂಡಿ ಇದೆ. ಹೊಸ ಅಳತೆಗೆ ಮೊದಲು ಅದನ್ನು ಒತ್ತಬೇಕು. ಬೆರಳಿಟ್ಟೆ. ಆಮೇಲೆ ತೆಗೆದೆ. 212ರಿಂದಲೇ ಶುರು ಮಾಡಿ, ಬಂದ ಸಂಖ್ಯೆಯಿಂದ 212 ಕಳೆದರೂ ಲೆಕ್ಕ ಸರಿಯಾಗಿಯೇ ಬರುತ್ತದೆ. ಕಳೆಯುವುದು ನನಗೆ ಕಷ್ಟವಲ್ಲ.

ಪ್ರತಿ ಗೆರೆಯ ಹತ್ತಿರ ನಿಂತು ಬರೆದುಕೊಂಡೆ. ಅತಿ ಹತ್ತಿರದ ಗೆರೆ 287. ಅತಿ ದೂರದ್ದು 371. ಸರಾಸರಿ 334 ಮೀಟರ್. ಕಾರ್ಖಾನೆಯ ಗೇಟು 391. ಕಾಗದದ ಕಪ್‌ಗಳು ಚರಂಡಿಯಲ್ಲಿ ಶುರುವಾಗುತ್ತಿದ್ದದ್ದೂ ಸುಮಾರು ಮುನ್ನೂರರ ಆಚೆಗೇ. ಬುಟ್ಟಿಯನ್ನು ನೂರಿಪ್ಪತ್ತು ಮೀಟರಿನಷ್ಟು ಮೊದಲೇ ಕಟ್ಟಿದ್ದರು.

ಇಷ್ಟು ದೊಡ್ಡ ತಪ್ಪು ಇವರು ಮಾಡುವುದು ಹೇಗೆ? ಉಪ್ಪಿನ ಡಬ್ಬಿ ಕೂಡ ಕಪಾಟಿನಲ್ಲಿ ಗೆರೆ ನೋಡಿ ಇಡುವವರು. ಒಂದು ಸಲ ನಾನು ಕೇಳಿದ್ದೆ, "ಎಷ್ಟು ಜನರನ್ನ ಅಳೆದಿರಿ?" "ಏಳು ಸಲ ಅಳೆದಿದೀನಿ," ಎಂದಿದ್ದರು. ನಾನು ಕೇಳಿದ್ದು ಎಷ್ಟು ಜನರನ್ನು ಎಂದು. ಉತ್ತರ ಬಂದದ್ದು ಎಷ್ಟು ಸಲ ಎಂದು. ವಿದ್ಯಾರ್ಥಿಯೊಬ್ಬ ಹಾಗೆ ಹೇಳಿದ್ದರೆ ಅಲ್ಲೇ ಹಿಡಿಯುತ್ತಿದ್ದೆ. ಮನೆಯಲ್ಲಿ, ಒಲೆಯ ಮುಂದೆ, ಹೂಂ ಎಂದು ಸುಮ್ಮನಾಗಿದ್ದೆ.

ಮನೆಗೆ ಬಂದು ಅವರ ಚೀಲದಿಂದ ನೋಟ್‌ಬುಕ್ ತೆಗೆದೆ. ಅತ್ತೆ ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದರು. ಹುಡುಕಬೇಕಾಗಲಿಲ್ಲ, ಪುಟಕ್ಕೆ ಕ್ಲಿಪ್ ಹಾಕಿತ್ತು.

'ಪ್ರತಿ ಮಂಗಳವಾರ. ಚಹಾ ಒಂದು ಕೈಯಲ್ಲಿ, ಗಾಲಿ ಇನ್ನೊಂದು ಕೈಯಲ್ಲಿ. ಮಾಮೂಲಿ ನಡಿಗೆ. ಮುಗಿದ ಕಡೆ ನಿಲ್ಲುವುದು.'

ಕೆಳಗೆ ಏಳು ತಾರೀಖು, ಏಳು ಸಂಖ್ಯೆ. 331. 322. 308. 290. 265. 238. 212.

ಅದರ ಕೆಳಗೆ: 'ರೂಢಿಯಾದ ಹಾಗೆ ಅಳತೆ ಪಕ್ಕಾ ಆಗುತ್ತಿದೆ. ಕೊನೆಯದನ್ನು ತೆಗೆದುಕೊಂಡಿದ್ದೇನೆ.'

ಒಂದೇ ವಸ್ತುವನ್ನು ಏಳು ಸಲ ಅಳೆದರೆ ಸಂಖ್ಯೆಗಳು ಹಿಂದೆ ಮುಂದೆ ಚದುರುತ್ತವೆ. ಒಂದು ಹೆಚ್ಚು, ಒಂದು ಕಡಿಮೆ. ಹೀಗೆ ಒಂದೇ ದಿಕ್ಕಿಗೆ ಇಳಿಯುವುದಿಲ್ಲ. ಇಳಿದರೆ ಅಳತೆ ಪಕ್ಕಾ ಆಗುತ್ತಿದೆ ಎಂದಲ್ಲ, ಅಳೆಯುತ್ತಿರುವುದೇ ಬದಲಾಗುತ್ತಿದೆ ಎಂದು. ಚಹಾ ಅದೇ, ಲೋಟ ಅದೇ, ರಸ್ತೆ ಅದೇ. ಕುಡಿಯಲು ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಅದೇ. ಆ ಹೊತ್ತಿನಲ್ಲಿ ನಡೆದ ದೂರ ಮಾತ್ರ ವಾರದಿಂದ ವಾರಕ್ಕೆ ಕಡಿಮೆಯಾಗಿತ್ತು. ಕೊನೆಯ ಮೂರು ವಾರ ಬೇಗ ಬೇಗ.

ಸಂಜೆ ತಿರುಗಾಡಲು ಹೋದಾಗ ಹಿಂದೆ ಉಳಿಯುತ್ತಿದ್ದರು. ನಾನು ತಿರುವಿನಲ್ಲಿ ನಿಂತು, "ಆಮೆ ಸಾಹೇಬ್ರ ಸವಾರಿ ಬಂತಾ?" ಎನ್ನುತ್ತಿದ್ದೆ. "ಬಂತು ಬಂತು, ದಾರಿ ಬಿಡಿ," ಎನ್ನುತ್ತಿದ್ದರು.

"ಏನು ಬರೆದಿದಾನೆ?" ಎಂದು ಅತ್ತೆ ಕೇಳಿದರು.

"ಅಳತೆ."

"ತಪ್ಪು ಅಳೆದಿದಾನಾ?"

"ಇಲ್ಲ ಅತ್ತೆ. ಸರಿಯಾಗೇ ಅಳೆದಿದಾರೆ."

ಅತ್ತೆ ಚಾಕು ಕೆಳಗಿಟ್ಟರು. ನನ್ನ ಮುಖ ನೋಡಿದರೋ, ನೋಟ್‌ಬುಕ್ ನೋಡಿದರೋ ತಿಳಿಯಲಿಲ್ಲ. "ಈಚೆಗೆ ಶೂ ಬಿಚ್ಚೋದಕ್ಕೆ ಮೆಟ್ಟಿಲ ಮೇಲೆ ಕೂತ್ರೆ ಹತ್ತು ನಿಮಿಷ ಏಳ್ತಿರಲಿಲ್ಲ," ಎಂದರು. "ಮೆಟ್ಟಿಲು ಸವೆಯತ್ತೆ ಏಳೋ ಅಂತ ಬೈತಿದ್ದೆ."

ಅವರು ಚಾಕು ಎತ್ತಿಕೊಂಡರು. ಆಮೇಲೆ ಬಹಳ ಹೊತ್ತು, ಬೇಕಾದದ್ದಕ್ಕಿಂತ ಸಣ್ಣಗೆ ಹೆಚ್ಚುತ್ತಲೇ ಇದ್ದರು.

ಗುರುವಾರ ಬುಟ್ಟಿ ಬಿಚ್ಚಿದೆವು. ಇವರ ಗಂಟು ಬಿಚ್ಚಲು ಬರಲಿಲ್ಲ, ಚಹಾದಕ್ಕ ಹಲ್ಲಿನಿಂದ ಎಳೆದರು. 334ರ ಹತ್ತಿರ ಕಂಬ ಇರಲಿಲ್ಲ. 340ರ ಕಂಬಕ್ಕೆ ಒಂದು, ಗೇಟಿನ ಹತ್ತಿರ ಇನ್ನೊಂದು ಕಟ್ಟಿದೆವು, ನಿಧಾನವಾಗಿ ಕುಡಿಯುವವರಿಗೆ. ಚಹಾದಕ್ಕ ಸಂಜೆ ಗಾಡಿ ಬಿಟ್ಟು ಗೇಟಿನಲ್ಲೇ ಹೋಗಿ ನಿಂತರು.

"ನಿಮ್ಮ ಮೆಷಿನ್‌ಗಳು ಚಹಾ ಕುಡಿಯಲ್ಲ ಕಣ್ರೇ! ನನ್ನ ಲೋಟ ನಂಗೆ ಕೊಡಿ. ಸೋಮವಾರ ನನ್ನ ಗಾಡಿ ಎತ್ತಿಸ್ತಾರೆ. ಆಮೇಲೆ ಬೆಳಿಗ್ಗೆ ನಲ್ಲಿ ನೀರು ಕುಡ್ಕೊಂಡು ಹೋಗಿ!"

ಶುಕ್ರವಾರ ಲೋಟಗಳು ಬರತೊಡಗಿದವು. ಕೆಲವುಗಳ ತಳದಲ್ಲಿ ದಾರದ ಚೂರು, ಬಣ್ಣದ ಗುಂಡಿ. ಎತ್ತರದವಳು ಮೂರನ್ನು ಒಂದರೊಳಗೊಂದು ಇಟ್ಟು ತಂದಳು. "ನನ್ನವು ಬಂದ್ವು. ಅವಳ ಐದು ಕೇಳಿ. ಒಂದನ್ನ ಮಾತ್ರ ಬಿಸಿನೀರಲ್ಲಿ ತೊಳೀರಿ," ಎಂದಳು. ಶನಿವಾರದ ಹೊತ್ತಿಗೆ ನೂರ ಎಪ್ಪತ್ತೆಂಟು ಆದವು. ಕಾಗದದ ಕಪ್‌ಗಳ ಉಳಿದ ಕಟ್ಟನ್ನು ಚಹಾದಕ್ಕ ಗಾಡಿಯ ಕೆಳಗೆ ತಳ್ಳಿದರು. ಭಾನುವಾರ ನಾವಿಬ್ಬರೂ ಮೊಣಕೈವರೆಗೆ ಕೈಗವಸು ಹಾಕಿಕೊಂಡು ಚರಂಡಿಯ ಹಳೆಯ ಕಪ್‌ಗಳನ್ನು ಎತ್ತಿದೆವು. ಅತ್ತೆಯೂ ಬಂದರು. ಕೈ ಹಾಕಲಿಲ್ಲ. ದಡದಲ್ಲಿ ನಿಂತು, "ಅಗೋ ಅಲ್ಲಿ, ಇಗೋ ಇಲ್ಲಿ," ಎಂದು ತೋರಿಸಿದರು.

ಸೋಮವಾರ ಇನ್ಸ್‌ಪೆಕ್ಟರ್ ಎಂಟೂಕಾಲಿಗೆ ಬಂದರು. ಕಡತ ಕಂಕುಳಲ್ಲಿತ್ತು. ಗಾಡಿಯಿಂದ ಗೇಟಿನವರೆಗೆ ಚರಂಡಿಯ ಪಕ್ಕದಲ್ಲೇ ನಡೆದರು. ಒಂದು ಕಡೆ ಕೂತು ಬಗ್ಗಿ ನೋಡಿದರು. ಬುಟ್ಟಿಯಲ್ಲಿ ಕೈಯಾಡಿಸಿದರು. ಚಹಾದಕ್ಕ ಗಾಡಿಯ ಹಿಡಿ ಬಿಡದೆ ನಿಂತಿದ್ದರು. ಯಾರೋ ಈಗಲೇ ಅದನ್ನು ಎಳೆಯುತ್ತಿದ್ದಾರೇನೋ ಎನ್ನುವ ಹಾಗೆ.

"ಚರಂಡಿ ಸರಿ ಇದೆ," ಎಂದರು ಇನ್ಸ್‌ಪೆಕ್ಟರ್. "ಆದ್ರೆ ಕಡತದಲ್ಲಿ ಬುಟ್ಟಿ ಇನ್ನೂರ ಹನ್ನೆರಡರಲ್ಲಿ ಅಂತಿದೆ. ಇಲ್ಲಿ ನೋಡಿದ್ರೆ ಮುನ್ನೂರ ನಲವತ್ತು. ಅಳತೆ ತಪ್ಪಾಗಿತ್ತು ಅಂತ ಬರೀಲಾ?"

ಚಹಾದಕ್ಕ ನನ್ನನ್ನು ನೋಡಿದರು. ಬರೆಯಿರಿ ಎಂದರೆ ಕೆಲಸ ಮುಗಿಯುತ್ತಿತ್ತು.

"ತಪ್ಪಲ್ಲ," ಎಂದೆ. "ಅಳೆದವರು ನಿಧಾನವಾಗಿ ನಡೀತಿದ್ರು. ಅವರಿಗೆ ಹೃದಯದ ಕಾಯಿಲೆ ಇತ್ತು. ಯಾರಿಗೂ ಗೊತ್ತಿರಲಿಲ್ಲ."

ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಇನ್ಸ್‌ಪೆಕ್ಟರ್ ಕಡತ ಬಿಚ್ಚಿದರು. ಆಮೇಲೆ ಬರೆದು, ನನಗೆ ಓದಲು ಕೊಟ್ಟರು: 'ಬುಟ್ಟಿಯನ್ನು ಜನರ ನಡಿಗೆಗೆ ತಕ್ಕಂತೆ ಸರಿಸಲಾಗಿದೆ. ಗಾಡಿ ಇದ್ದ ಜಾಗದಲ್ಲೇ ಇರಬಹುದು.'

"ಸಾಹೇಬ್ರೇ, ಚಹಾ?" ಎಂದರು ಚಹಾದಕ್ಕ.

"ಲೋಟದಲ್ಲಾ?"

"ಮತ್ತೆ? ಆದ್ರೆ ನೀವು ಬುಟ್ಟಿವರೆಗೂ ನಡೀಬೇಕು."

ಅಂದು ಮಧ್ಯಾಹ್ನ ಅಳತೆಗಾಲಿ ತೆಗೆದುಕೊಂಡು ಕಚೇರಿಗೆ ಹೋದೆ. ಸರ್ವೆ ವಿಭಾಗ ಮೂರನೆಯ ಮಹಡಿಯಲ್ಲಿದೆ. ಗಾಲಿಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಯಾವ ಮೆಟ್ಟಿಲು ಎಂದು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಎಲ್ಲವೂ ಒಂದೇ ಥರ ಇದ್ದವು, ನಡುವೆ ಸವೆದ, ಅಂಚಿಗೆ ತಗಡು ಹೊಡೆದ ಮೆಟ್ಟಿಲುಗಳು.

ಸರ್ವೆಯವರು ವಯಸ್ಸಾದವರು. ಮೇಜಿನ ತುಂಬ ನಕ್ಷೆಗಳು, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಅಂತ್ಯಕ್ರಿಯೆಗೆ ಬಂದಿದ್ದರು, ಗಾಲಿಯ ಮಾತೆತ್ತಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತರು.

"ಅವಸರ ಏನಿತ್ತಮ್ಮ? ಯಾರ ಕೈಲಾದ್ರೂ ಕಳಿಸಿದ್ರೆ ಆಗ್ತಿತ್ತು."

"ಒಂದು ವಾರಕ್ಕೆ ಅಂತ ತಂದಿದ್ರಂತೆ. ತಡ ಆಯ್ತು."

ಅವರು ಗಾಲಿ ಇಸಿದುಕೊಂಡು, ಕನ್ನಡಕ ಹಣೆಗೇರಿಸಿ ಕಿಟಕಿಯಲ್ಲಿ ನೋಡಿದರು.

"ಆರುನೂರ ಮೂರು. ಆ ರಸ್ತೆ ಇಷ್ಟು ಉದ್ದ ಇಲ್ವಲ್ಲ?"

"ಎರಡು ಅಳತೆ ಸೇರಿದೆ. ಇನ್ನೂರ ಹನ್ನೆರಡು ಅವರದು. ಉಳಿದಿದ್ದು ನಂದು."

ಸರ್ವೆಯವರು ತಲೆಯಾಡಿಸಿದರು. ಗಾಲಿಯ ಕಡ್ಡಿಗೆ ಅಂಟಿದ್ದ ಒಣಮಣ್ಣನ್ನು ಉಗುರಿನಿಂದ ಕೆರೆದರು. ಆಮೇಲೆ ಹಿಡಿಕೆಯನ್ನು ನನ್ನ ಕಡೆ ತಿರುಗಿಸಿದರು.

"ವಾಪಸ್ ಇಡೋವಾಗ ಸೊನ್ನೆ ಮಾಡಿಡಬೇಕಮ್ಮ. ಇಲ್ಲದಿದ್ರೆ ಮುಂದಿನೋರ ಅಳತೆ ಕೆಡತ್ತೆ. ನೀವೇ ಮಾಡ್ತೀರಾ, ನಾನು ಮಾಡ್ಲಾ?"

ಗುಂಡಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. ಹೆಬ್ಬೆರಳಿನಿಂದ ಬಲವಾಗಿ ಒತ್ತಬೇಕಾಯಿತು. ಟಕ್ ಎಂದು ಮೂರೂ ಅಂಕಿಗಳು ಒಟ್ಟಿಗೆ ಬಿದ್ದವು.

ಅವರು ಗಾಲಿಯನ್ನು ಮೂಲೆಯ ಮೊಳೆಗೆ ತೂಗುಹಾಕಿದರು.

"ಬರ್ತೀನಿ," ಎಂದೆ.

"ಹೋಗಿ ಬಾಮ್ಮ," ಎಂದರು.